ಅಮಾವಾಸ್ಯೆಯ ವಿಭೂತಿ ಮತ್ತು ಯಂತ್ರದ ಕಣ್ಣು

ಕೊರೊನಾದ ಎರಡನೆಯ ಅಲೆ ಇಳಿದ ಮರುವರ್ಷದ ಮಾತು. ಹರಿಹರದ ಒಂದು ದೊಡ್ಡ ಯಂತ್ರೋಪಕರಣ ಕಾರ್ಖಾನೆಯ ಇಲೆಕ್ಟ್ರಾನಿಕ್ಸ್ ವಿಭಾಗದಿಂದ ನಿವೃತ್ತನಾಗಿ ನಾನು ಆಗಲೇ ಹಲವು ವರ್ಷ ಕಳೆದಿದ್ದೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಬೆಳಗಿನ ಲಿಂಗಪೂಜೆ, ಸಂಜೆ ಬರುವ ನಾಲ್ಕಾರು ಮಕ್ಕಳಿಗೆ ಸಂಸ್ಕೃತ ಪಾಠ, ಇವುಗಳಲ್ಲಿ ದಿನ ಸಾಗುತ್ತಿತ್ತು. ವಾರದಲ್ಲಿ ಕೆಲವು ದಿನ ಮಾತ್ರ ಬಸ್ಸು ಹಿಡಿದು ಹರಿಹರಕ್ಕೆ ಹೋಗಿ, ಅಲ್ಲಿನ ಒಂದು ಸಣ್ಣ ಯಂತ್ರ ತಯಾರಿಕಾ ಘಟಕಕ್ಕೆ ತಾಂತ್ರಿಕ ಸಲಹೆಗಾರನಾಗಿ ಕೆಲಸ ಮಾಡುತ್ತಿದ್ದೆ. ಘಟಕದ ಒಡೆಯ ಕೊಟ್ರೇಶ ಒಂದು ಕಾಲಕ್ಕೆ ನನ್ನ ಕೈಕೆಳಗೆ ತರಬೇತಿ ಪಡೆದವನು. ಚುರುಕು ಬುದ್ಧಿ, ನೇರ ಮಾತು, ಸ್ವಲ್ಪ ಆತುರ. ನನ್ನನ್ನು ಅವನು ಇಂದಿಗೂ ಗುರುಗಳೆ ಎಂದೇ ಕರೆಯುತ್ತಾನೆ.

ಆ ವರ್ಷ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಮೇಲೆ ಸರ್ಕಾರದ ನಿಷೇಧ ಬಂದಿತು. ಅಡಿಕೆ ಹಾಳೆಯ ತಟ್ಟೆಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಚನ್ನಗಿರಿಯ ಕಡೆಯಿಂದ ಹಾಳೆ ಲಾರಿಗಟ್ಟಲೆ ಬರುತ್ತಿತ್ತು. ದಾವಣಗೆರೆಯ ಸುತ್ತ ಖಾಲಿ ಬಿದ್ದಿದ್ದ ಶೆಡ್ಡುಗಳೆಲ್ಲ ತಟ್ಟೆ ತಯಾರಿಸುವ ಶೆಡ್ಡುಗಳಾದವು. ಅವುಗಳಿಗೆ ಬೇಕಾದ ಯಂತ್ರವನ್ನು ಕೊಟ್ರೇಶ ತಯಾರಿಸತೊಡಗಿದ.

ಯಂತ್ರ ಸರಳವಾದದ್ದು. ನೆನೆಸಿದ ಹಾಳೆಯನ್ನು ಕೆಳಗಿನ ಬಿಸಿ ಅಚ್ಚಿನ ಮೇಲೆ ಹರಡಿ ಕಾಲಿನ ಪೆಡಲ್ ಒತ್ತಿದರೆ, ಎಣ್ಣೆಯ ಒತ್ತಡದಿಂದ ಮೇಲಿನ ಅಚ್ಚು ಇಳಿದು ಹಾಳೆಯನ್ನು ತಟ್ಟೆಯ ಆಕಾರಕ್ಕೆ ತರುತ್ತದೆ. ಇದಕ್ಕೆ ಹೈಡ್ರಾಲಿಕ್ ಪ್ರೆಸ್ ಎನ್ನುತ್ತಾರೆ. ಹಾಳೆ ಪ್ರಕೃತಿಯ ವಸ್ತು, ಒಂದರಂತೆ ಇನ್ನೊಂದಿಲ್ಲ. ಅಚ್ಚಿನ ಮೇಲೆ ಅದು ಜರುಗುತ್ತದೆ, ಅಂಚು ಮಡಚಿಕೊಳ್ಳುತ್ತದೆ. ಕೆಲಸ ಮಾಡುವ ಹೆಣ್ಣುಮಗಳು ಕೈ ಚಾಚಿ ಅದನ್ನು ಸರಿಪಡಿಸುತ್ತಾಳೆ. ಆಗ ಕಾಲು ಪೆಡಲಿನ ಮೇಲೆ ತಾನಾಗಿ ಊರಿಬಿಟ್ಟರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಆದ್ದರಿಂದ ಅಚ್ಚಿನ ಬಾಯಲ್ಲಿ ಕೈ ಇದ್ದರೆ ಪ್ರೆಸ್ ಇಳಿಯದಂತೆ ತಡೆಯುವ ಒಂದು ವ್ಯವಸ್ಥೆ ಬೇಕೆಂದು ನಾನೂ ಕೊಟ್ರೇಶನೂ ಮೊದಲೇ ನಿಶ್ಚಯಿಸಿದ್ದೆವು. ಭೇದ ಬಂದದ್ದು ಆ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕೆಂಬುದರಲ್ಲಿ.

ಇಲೆಕ್ಟ್ರಾನಿಕ್ಸ್‌ನಲ್ಲಿ ಎರಡು ದಾರಿಗಳಿವೆ. ಒಂದು, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮಾಡ್ಯೂಲ್‌ಗಳನ್ನು ತಂದು ತಂತಿಯಿಂದ ಜೋಡಿಸುವುದು. ಬೆಳಕು ಕಳಿಸಿ ಎದುರಿಗೆ ವಸ್ತು ಇದೆಯೇ ಎಂದು ನೋಡುವ ಸೆನ್ಸರ್ ಮಾಡ್ಯೂಲ್, ಸ್ವಿಚ್ಚಿನ ಕೆಲಸ ಮಾಡುವ ರಿಲೇ ಮಾಡ್ಯೂಲ್, ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಬಳಸುವ ಪುಟ್ಟ ಪ್ರೋಗ್ರಾಂ ಬೋರ್ಡು, ಎಲ್ಲವೂ ಪೊಟ್ಟಣದಲ್ಲಿ ಸಿಗುತ್ತವೆ. ಇನ್ನೊಂದು, ನಮ್ಮ ಯಂತ್ರಕ್ಕೆಂದೇ ಸರ್ಕ್ಯೂಟನ್ನು ಆಲೋಚಿಸಿ, ಬೋರ್ಡನ್ನು ಬರೆದು, ಅಚ್ಚು ಹಾಕಿಸಿ, ಪರೀಕ್ಷಿಸಿ, ತಿದ್ದಿ, ಮತ್ತೆ ಪರೀಕ್ಷಿಸುವುದು. ಮೊದಲನೆಯದಕ್ಕೆ ದಿನಗಳು ಸಾಕು, ಎರಡನೆಯದಕ್ಕೆ ತಿಂಗಳುಗಳು ಬೇಕು. ಆ ವರ್ಷವಂತೂ ಜಗತ್ತಿನೆಲ್ಲೆಡೆ ಚಿಪ್‌ಗಳ ಅಭಾವವಿತ್ತು.

ನಾನು ಎರಡನೆಯ ದಾರಿಯನ್ನು ಹೇಳಿದೆ. ಹಬೆ, ಶಾಖ, ಕಂಪನ, ಇವನ್ನು ಆ ಮಾಡ್ಯೂಲ್‌ಗಳು ಬಹುಕಾಲ ತಾಳಲಾರವು ಎಂಬುದು ನನ್ನ ವಾದ.

ಕೊಟ್ರೇಶ ನಕ್ಕ. "ಗುರುಗಳೆ, ನೀವು ಹೇಳೋ ಬೋರ್ಡು ಕೈಗೆ ಬರಾದ್ರೊಳಗ ಮಂದಿ ಬಾಳೆಲಿ ಮ್ಯಾಲೆ ಉಂಡು ಕೈ ತೊಳಕಂಡಿರ್ತಾರೆ. ಈಗ ಕೇಳ್ತದಾರೆ, ಈಗ ಕೊಡಬೇಕು. ಮಾಡ್ಯೂಲ್ ಕೆಟ್ರೆ ಅಂಗಡ್ಯಾಗ ಇನ್ನೊಂದು ಸಿಗತೈತೆ, ಅವ್ರೇ ತಗದು ಹಾಕ್ಕಂತಾರೆ. ನಿಮ್ಮ ಬೋರ್ಡು ಕೆಟ್ರೆ ನಿಮ್ಮನ್ನೇ ಹುಡುಕ್ಕಂಡು ಬರ್ಬೇಕು, ನೀವು ಪೂಜಿಗೆ ಕುಂತಿರ್ತೀರಿ!"

ಅವನ ಮಾತಿನಲ್ಲಿ ಸತ್ಯವಿರಲಿಲ್ಲವೆಂದು ನಾನು ಹೇಳಲಾರೆ. ಹಳ್ಳಿಯ ಶೆಡ್ಡಿನಲ್ಲಿ ಯಂತ್ರ ನಿಂತರೆ ರಿಪೇರಿಗೆ ಯಾರೂ ಸಿಗುವುದಿಲ್ಲ. ಸುಲಭವಾಗಿ ಬದಲಿಸಬಲ್ಲ ಭಾಗವೆಂಬುದು ಸಣ್ಣ ಗುಣವಲ್ಲ. ನಿರ್ಣಯ ಒಡೆಯನದು. ಸಿದ್ಧ ಮಾಡ್ಯೂಲ್‌ಗಳ ಯಂತ್ರಗಳೇ ತಯಾರಾದವು. ಅಚ್ಚಿನ ಬದಿಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸೆನ್ಸರಿನ ಪುಟ್ಟ ಗಾಜಿನ ಕಿಂಡಿ. ಸೆನ್ಸರ್ ಎಷ್ಟು ದೂರದವರೆಗೆ ನೋಡಬೇಕೆಂದು ಹೊಂದಿಸಲು ಮಾಡ್ಯೂಲಿನ ಮೇಲೆ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಲು ಅನುಕೂಲವಾಗಲೆಂದು ಕೊಟ್ರೇಶ ಡಬ್ಬಿಗೆ ಒಂದು ರಂಧ್ರವನ್ನೂ ಕೊರೆಸಿದ್ದ. ಹೊಸ ಯಂತ್ರ ಇಳಿಸಿದ ಕಡೆಯಲ್ಲೆಲ್ಲ ಅವನು ಹೆಣ್ಣುಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಆ ಕಿಂಡಿಯನ್ನು ತೋರಿಸಿ ಹೇಳುತ್ತಿದ್ದ: "ನೋಡ್ರವ್ವ, ಇದು ಮಿಷನ್ನಿನ ಕಣ್ಣು. ನಿಮ್ಮ ಕೈ ಕಾಯಾದು ಇದೇ."

ಪ್ರಾರಂಭದ ಕೆಲವು ತಿಂಗಳು ಯಾವ ದೂರೂ ಬರಲಿಲ್ಲ.

ಆಮೇಲೊಂದು ಮಧ್ಯಾಹ್ನ ನಿಟ್ಟುವಳ್ಳಿಯಿಂದ ರಜಾಕ್ ಸಾಹೇಬರ ಕರೆ ಬಂತು. ಅವರು ಅಲ್ಲಿ ತಟ್ಟೆಯ ಶೆಡ್ಡು ನಡೆಸುವ ವ್ಯಾಪಾರಿ. ನಮ್ಮ ಯಂತ್ರಗಳನ್ನು ಮೊದಲು ಕೊಂಡವರಲ್ಲಿ ಒಬ್ಬರು, ಜಂಗಮನಾದ ನನ್ನನ್ನು ಅಯ್ಯನೋರೆ ಎಂದು ಕರೆಯುವವರು. ಫೋನಿನಲ್ಲಿ ಅವರ ಧ್ವನಿ ಒಡೆದಿತ್ತು. "ಅಯ್ಯನೋರೆ, ಹಾಲಮ್ಮನ ಕೈ ಹೋತು. ಪ್ರೆಸ್ಸಿನಾಗ ಸಿಕ್ಕಂಬಿಡ್ತು. ದವಾಖಾನಿಗೆ ಹಾಕೇವಿ. ನಿಮ್ಮ ಕಣ್ಣು ಏನ್ ನೋಡಾಕತ್ತಿತ್ರಿ?"

ಹಾಲಮ್ಮ ವಿನೋಬನಗರದವಳು. ಗಂಡನಿಲ್ಲದ ಸಂಸಾರವನ್ನು ಬಲಗೈಯ ದುಡಿಮೆಯಿಂದ ನಡೆಸುತ್ತಿದ್ದ ಹೆಂಗಸು. ಬಿಸಿ ಅಚ್ಚು ಆ ಕೈಯ ತೋರು, ನಡು ಮತ್ತು ಉಂಗುರದ ಬೆರಳುಗಳನ್ನು ಉಳಿಸಲು ಬಾರದಂತೆ ಜಜ್ಜಿ ಸುಟ್ಟಿತ್ತು. ವೈದ್ಯರು ಮೂರನ್ನೂ ತೆಗೆದರು.

ನಾನೂ ಕೊಟ್ರೇಶನೂ ಮರುದಿನ ಶೆಡ್ಡಿಗೆ ಹೋದೆವು. ಶಾಖ ಆರಿಸಿ, ನೆನೆಸಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಅಚ್ಚಿನ ಬಾಯಲ್ಲಿ ಹಿಡಿದು ಪೆಡಲ್ ಒತ್ತಿಸಿದೆ. ಪ್ರೆಸ್ ತಡವರಿಸದೆ ಇಳಿದು ಕೋಲನ್ನು ಕಚ್ಚಿತು. ಕೋಲನ್ನು ಕಿಂಡಿಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತಂದಾಗ, ಬೆರಳಗಲ ಉಳಿದಿರುವಾಗ ಮಾತ್ರ ಸೆನ್ಸರಿನ ಕೆಂಪು ದೀಪ ಹತ್ತಿತು. ಒಂದು ಗೇಣಿಗೂ ಮೀರಿ ನೋಡಬೇಕಾದ ಕಣ್ಣು ತನ್ನ ಮೂಗಿನ ತುದಿಯನ್ನಷ್ಟೇ ನೋಡುತ್ತಿತ್ತು. ಡಬ್ಬಿ ತೆರೆದೆ. ಸ್ಕ್ರೂ ಬಹಳ ಹಿಂದಕ್ಕೆ ತಿರುಗಿತ್ತು, ಅದರ ತಲೆಯ ಮೇಲೆ ಚೂರಿಯ ಮೊನೆ ಜಾರಿದ ಗೀರುಗಳಿದ್ದವು.

ಕೊಟ್ರೇಶನ ಮುಖಕ್ಕೆ ರಕ್ತ ಮರಳಿದಂತಾಯಿತು. "ನೋಡಿದ್ರಾ? ಯಾರೋ ತಿರುವ್ಯಾರೆ. ನಮ್ಮ ಮಿಷನ್ನಿಂದು ಏನೂ ಇಲ್ಲ."

ಪಕ್ಕದ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ರತ್ನಕ್ಕ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಎದ್ದು ಬಂದಳು. "ಯಾರೋ ಅಂತ ಯಾಕಂತೀರಿ, ನಾವೆಲ್ಲಾರೂ ತಿರುವ್ತೀವಿ. ತಿರುವದಿದ್ರೆ ನಿಮ್ಮ ಮಿಷನ್ನು ಅಮಾಸಿ ದಿನ ಗೂಟ ಹೊಡದಂಗೆ ನಿಂತುಬಿಡತೈತೆ. ಅವತ್ತು ನೀವು ಬಂದು ತಟ್ಟೆ ಒತ್ತಿಕೊಡ್ತೀರೇನು?"

ಅಮಾವಾಸ್ಯೆಯ ದಿನ ಏಕೆ ನಿಲ್ಲುತ್ತದೆ ಎಂದು ಕೇಳುತ್ತಲೇ ನಾನು ಡಬ್ಬಿಯ ಕಿಂಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜು ಶುಭ್ರವಾಗಿತ್ತು. ಆದರೆ ಅದರ ಸುತ್ತಲ ಸಣ್ಣ ಸಂದಿನಲ್ಲಿ ಬೆಳ್ಳಗೆ ಏನೋ ಕೂತಿತ್ತು. ಹಾಳೆಯ ಧೂಳು ಕಂದು ಬಣ್ಣದ್ದು. ಇದು ನಾನು ಐವತ್ತಕ್ಕೂ ಹೆಚ್ಚು ವರ್ಷ ದಿನವೂ ಮುಟ್ಟಿದ ವಸ್ತು. ಗುರುತಿಸಲು ಸೂಕ್ಷ್ಮದರ್ಶಕ ಬೇಕಿರಲಿಲ್ಲ.

ರಜಾಕ್ ಸಾಹೇಬರೇ ಹೇಳಿದರು: "ಪ್ರತಿ ಅಮಾಸಿಗೆ ಮಿಷನ್ ಪೂಜೆ ಐತಲ್ರಿ. ಕಾಯಿ, ಊದಿನಕಡ್ಡಿ ನಾನೇ ತಂದುಕೊಡ್ತೀನಿ. ನಮ್ಮಪ್ಪಾರ ಕಾಲದಿಂದ ನಮ್ಮ ಅಂಗಡ್ಯಾಗ ಆ ರೂಢಿ ಐತೆ. ಹೆಣ್ಮಕ್ಳ ಕೈ ಸುಖವಾಗಿರ್ಲಿ ಅಂತ."

ಎಲ್ಲವೂ ಆಗ ಬಿಡಿಸಿಕೊಂಡಿತು. ಹೆಣ್ಣುಮಕ್ಕಳು ಯಂತ್ರಕ್ಕೆ ನೀರು ಚಿಮುಕಿಸಿ, ಹೂವಿಟ್ಟು, ವಿಭೂತಿ ಹಚ್ಚುತ್ತಿದ್ದರು. ಕೈ ಕಾಯುವ ಕಣ್ಣು ಇದೇ ಎಂದು ಕೊಟ್ರೇಶ ಹೇಳಿದ್ದನಲ್ಲ. ಆದ್ದರಿಂದ ಪೂಜೆಯ ಮುಖ್ಯ ವಿಭೂತಿ ಆ ಕಿಂಡಿಗೇ ಸಲ್ಲುತ್ತಿತ್ತು. ನಮ್ಮ ಸೆನ್ಸರ್ ಬೆಳಕನ್ನು ಹೊರಗೆ ಕಳಿಸಿ, ಅದು ಕೈಗೆ ತಾಗಿ ಹಿಂತಿರುಗಿದರೆ ಕೈ ಇದೆಯೆಂದು ತಿಳಿಯುವ ಬಗೆಯದು. ಗಾಜಿನ ಮೇಲೆಯೇ ಬಿಳಿಯ ಲೇಪವಿದ್ದರೆ ಬೆಳಕು ಅಲ್ಲಿಂದಲೇ ಹಿಂತಿರುಗುತ್ತದೆ. ಯಾವಾಗಲೂ ಕೈ ಇದೆಯೆಂದು ಅದು ಭ್ರಮಿಸುತ್ತದೆ, ಪ್ರೆಸ್ ಇಳಿಯುವುದಿಲ್ಲ. ಆಗ ಅವರು ರಂಧ್ರದಿಂದ ಚೂರಿಯ ಮೊನೆ ತೂರಿಸಿ, ಪ್ರೆಸ್ ಇಳಿಯುವವರೆಗೆ ಸ್ಕ್ರೂ ಹಿಂದಕ್ಕೆ ತಿರುಗಿಸುತ್ತಿದ್ದರು. ಎರಡು ಮೂರು ದಿನಗಳಲ್ಲಿ ಹಬೆಯ ನೀರಿಗೆ ವಿಭೂತಿ ತೊಳೆದುಹೋಗುತ್ತಿತ್ತು. ಸ್ಕ್ರೂವನ್ನು ಅಂದಾಜಿನ ಮೇಲೆ ಮತ್ತೆ ಮುಂದಕ್ಕೆ ತಿರುಗಿಸುತ್ತಿದ್ದರು. ಒಂದೊಂದು ಅಮಾವಾಸ್ಯೆಗೂ ಅದು ಸ್ವಲ್ಪ ಸ್ವಲ್ಪ ಹಿಂದೆಯೇ ಉಳಿಯುತ್ತಿತ್ತು. ಯಂತ್ರ ತಡೆಯಿಲ್ಲದೆ ನಡೆಯುತ್ತಿತ್ತು. ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ಎಲ್ಲರೂ ತಿಳಿದಿದ್ದರು.

"ವಿಭೂತೀನ ಒರಸಿಬಿಟ್ರೆ ಮುಗೀತಿತ್ತಲ್ಲೇನವ್ವ?" ಎಂದ ಕೊಟ್ರೇಶ.

ರತ್ನಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಪೂಜಿ ಮಾಡಿದ್ದನ್ನ ಅವತ್ತೇ ಒರಸ್ತಾರೇನ್ರಿ? ನಿಮ್ಮನ್ಯಾಗ ಹಂಗ ಮಾಡ್ತಾರಾ? ಅಯ್ಯನೋರು ಇಲ್ಲೇ ಅದಾರೆ, ಅವ್ರನ್ನ ಕೇಳ್ರಿ."

ನಾನಾಗಿದ್ದರೂ ಒರಸುತ್ತಿರಲಿಲ್ಲ. ಹಬೆ, ಶಾಖ, ಕಂಪನ ಎಂದು ನಾನು ಹಿಂದೆ ಎಣಿಸಿದ್ದ ಕಾರಣಗಳಲ್ಲಿ ಇದು ಇರಲಿಲ್ಲವೆಂಬುದೂ ಆಗ ಮನಸ್ಸಿಗೆ ಬಂತು.

ಅಷ್ಟರಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಯಂತ್ರದ ಬಗ್ಗೆ ತಯಾರಕರ ತಾಂತ್ರಿಕ ಅಭಿಪ್ರಾಯ ಕೇಳಿದರು. ಅದಕ್ಕೆ ಸಹಿ ಹಾಕಬೇಕಾದವನು ನಾನು. ಈ ಅಭಿಪ್ರಾಯದ ತೂಕವನ್ನು ಓದುಗರು ಅರಿಯಬೇಕು. ಕೆಲಸದ ವೇಳೆ ಗಾಯವಾದ ಕಾರ್ಮಿಕನಿಗೆ ಪರಿಹಾರ ಕೊಡಬೇಕೆಂದು ಕಾನೂನು ಹೇಳುತ್ತದೆ. ಆದರೆ ರಕ್ಷಣೆಯ ಸಾಧನವನ್ನು ಕಾರ್ಮಿಕನೇ ತಿಳಿದೂ ತಿಳಿದೂ ಕೆಡಿಸಿದ್ದರೆ, ಇಂತಹ ಗಾಯಕ್ಕೆ ಆ ಹೊಣೆ ಬಿದ್ದುಹೋಗಬಹುದು. ಹಾಲಮ್ಮ ಉದ್ದೇಶಪೂರ್ವಕವಾಗಿ ಸ್ಕ್ರೂ ತಿರುಗಿಸಿದಳೆಂದು ನಾನು ಬರೆದರೆ ಅವಳಿಗೆ ಏನೂ ದಕ್ಕದೆ ಹೋಗುವ ಸಂಭವವಿತ್ತು. ಉಳಿದ ಶೆಡ್ಡುಗಳ ಯಂತ್ರಗಳೂ ಇದ್ದಂತೆಯೇ ನಡೆಯುತ್ತಿದ್ದವು. ವಿನ್ಯಾಸದ ದೋಷವೆಂದು ಬರೆದರೆ ಕೊಟ್ರೇಶ ಅಷ್ಟೂ ಯಂತ್ರಗಳನ್ನು ನಿಲ್ಲಿಸಬೇಕಾಗುತ್ತಿತ್ತು. ಅವನ ಘಟಕ ಅದನ್ನು ತಾಳಿಕೊಳ್ಳುವುದೆಂಬ ನಂಬಿಕೆ ನನಗಿರಲಿಲ್ಲ.

ಬರೆಯುವ ಮೊದಲು ಹಾಲಮ್ಮನನ್ನು ಕಾಣಲು ಹೋದೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಕೈಗೆ ದೊಡ್ಡ ಪಟ್ಟಿ. ನನ್ನನ್ನು ಕಂಡು ಏಳಹೋದಳು.

"ಬರ್ರಿ ಅಯ್ಯನೋರೆ, ಕೂಡ್ರಿ. ಚಾ ಮಾಡಾಕೂ ಬರಂಗಿಲ್ಲ ನೋಡ್ರಿ ಈಗ."

"ನೀನು ಕೂತ್ಕೋ ತಾಯಿ. ಒಂದು ಮಾತು ಕೇಳಾಕೆ ಬಂದೆ."

"ಸ್ಕ್ರೂ ತಿರುವಿದ್ದು ನಾನೇ ರೀ," ಎಂದಳು, ನಾನು ಕೇಳುವ ಮೊದಲೇ. "ಮುಚ್ಚಿಡಂಗಿಲ್ಲ. ಅಮಾಸಿ ದಿನ ತಿರುವಿದ್ದೆ, ಆಮ್ಯಾಲೆ ಸರಿ ಮಾಡಿದ್ದೆ ಅಂದ್ಕಂಡಿದ್ದೆ. ಕಣ್ಣು ನೋಡ್ತೈತೆ ಅಂತ ಧೈರ್ಯದಾಗಿದ್ದೆ. ಅದು ಇರದಿದ್ರೆ ನಾನು ಹಂಗ ಕೈ ಹಾಕ್ತಾನೇ ಇರ್ಲಿಲ್ಲ."

ಈ ಕೊನೆಯ ಮಾತು ನನ್ನನ್ನು ತಟ್ಟಿತು. ರಕ್ಷಣೆ ಇಲ್ಲದ ಯಂತ್ರಕ್ಕೆ ಮನುಷ್ಯ ಹೆದರುತ್ತಾನೆ. ಹೆದರಿಕೆಯೇ ಅವನನ್ನು ಕಾಯುತ್ತದೆ. ನಾವು ಅವಳ ಹೆದರಿಕೆಯನ್ನು ತೆಗೆದುಕೊಂಡು ಅದರ ಜಾಗದಲ್ಲಿ ಕುರುಡು ಕಣ್ಣೊಂದನ್ನು ಇಟ್ಟಿದ್ದೆವು.

ಅವಳ ಹಣೆ ಬರಿದಾಗಿತ್ತು. ನನ್ನ ನೋಟ ಅಲ್ಲಿಗೆ ಹೋದುದನ್ನು ಅವಳು ಕಂಡಳು. "ವಿಭೂತಿ ಹಚ್ಚೋ ಮೂರು ಬೆಳ್ಳೇ ಹೋದ್ವಲ್ರಿ. ಎಡಗೈಲೆ ಹಚ್ಚಬಾರ್ದು ಅಂತಾರೆ ನಮ್ಮನ್ಯಾಗ. ಹಚ್ಚಬೌದೇನ್ರಿ ಅಯ್ಯನೋರೆ?"

ಶಾಸ್ತ್ರವನ್ನು ನಾನು ಗುರುಗಳ ಬಳಿ ವರ್ಷಗಟ್ಟಲೆ ಓದಿದವನು. ಆ ದಿನ ಯಾವ ವಾಕ್ಯವೂ ನಾಲಗೆಗೆ ಬರಲಿಲ್ಲ. "ಹಚ್ಚಬಹುದು ತಾಯಿ," ಎಂದೆ. "ಎರಡೂ ಕೈ ಶಿವ ಕೊಟ್ಟವೇ."

ಅವಳು ಎದ್ದು ಒಳಗೆ ಹೋಗಿ ವಿಭೂತಿ ಗಟ್ಟಿ ತಂದಳು. ಎಡಗೈಯಿಂದ ಹಣೆಗೆ ಎಳೆದ ಗೆರೆಗಳು ಓರೆಯಾಗಿ ಬಿದ್ದವು. ನಾನು ಅಲ್ಲಿಂದ ಹೊರಟೆ.

ಕೊಟ್ರೇಶ ನನಗಾಗಿ ಹರಿಹರದ ತನ್ನ ಕಚೇರಿಯಲ್ಲಿ ಕಾಯುತ್ತಿದ್ದ. ಬಾಗಿಲು ಹಾಕಿಕೊಂಡು ಕೂತೆವು.

"ಅವಳೇ ಒಪ್ಪಿಕೊಂಡಾಳಲ್ಲ ಗುರುಗಳೆ. ಅಷ್ಟು ಬರದ್ರೆ ಸಾಕು. ಸುಳ್ಳು ಬರೀರಿ ಅಂತ ನಾನು ಹೇಳಿಲ್ಲ."

"ಸ್ಕ್ರೂ ತಿರುಗಿಸಿದ್ದು ನಿಜ. ಆ ಸ್ಕ್ರೂ ಅವಳ ಕೈಗೆ ಎಟುಕೋ ಹಂಗೆ ರಂಧ್ರ ಕೊರೆದದ್ದು ಯಾರು?"

"ಅದು ಅನುಕೂಲಕ್ಕೆ ಮಾಡಿದ್ದು!"

"ಅವಳೂ ಅನುಕೂಲಕ್ಕೇ ತಿರುಗಿಸಿದ್ದು. ಕೊಟ್ರೇಶ, ಆ ಮಾಡ್ಯೂಲು ಎಲ್ಲಿಯದೋ ಯಾರಿಗೋ ಮಾಡಿದ್ದು. ಯಾವ ಕೆಲಸಕ್ಕೆ ಬಳಸ್ತಾರೋ ಗೊತ್ತಿಲ್ಲದ್ದಕ್ಕೇ ಅದರ ಮೇಲೆ ಸ್ಕ್ರೂ ಇಟ್ಟಿದಾರೆ. ನಮಗೆ ಗೊತ್ತಿತ್ತು. ಯಂತ್ರ ಎಲ್ಲಿ ಕೂರುತ್ತೆ, ಯಾರು ಕೂರ್ತಾರೆ, ಅಮಾವಾಸ್ಯೆ ದಿನ ಏನು ಮಾಡ್ತಾರೆ, ಎಲ್ಲಾ ಗೊತ್ತಿತ್ತು. ನಿನ್ನ ವರ್ಕ್‌ಶಾಪಿನಲ್ಲೂ ಅದನ್ನೇ ಮಾಡ್ತಾರೆ."

ಅವನು ಮೇಜಿನ ಮೇಲೆ ಕೈ ಅಪ್ಪಳಿಸಿದ. "ಒಂದು ಶೆಡ್ಡಿನಾಗ ಆಗಿದ್ದಕ್ಕೆ ಎಲ್ಲಾ ಮಿಷನ್ನೂ ಕೆಟ್ಟವು ಅಂತೀರಾ? ಬೇರೆ ಕಡೆ ಎಲ್ಲಾರೂ ಆರಾಮಾಗೇ ಅದಾರೆ. ಬರ್ರಿ, ಬೇಕಾರೆ ತೋರಸ್ತೀನಿ."

ಹೋದೆವು. ಹರಿಹರದ ಹೊರವಲಯದಲ್ಲಿ ನಮ್ಮ ಯಂತ್ರಗಳಿದ್ದ ಇನ್ನೊಂದು ಶೆಡ್ಡು ಅದು. ಮೊದಲ ಪ್ರೆಸ್ಸಿನ ಸ್ಕ್ರೂ ಹಿಂದಕ್ಕೆ ತಿರುಗಿತ್ತು. ಎರಡನೆಯದರದೂ ಹಾಗೆಯೇ. ಮೂರನೆಯದರಲ್ಲಿ ಸೆನ್ಸರಿನ ತಂತಿಯನ್ನೇ ಕಿತ್ತುಹಾಕಿದ್ದರು. ಎದುರಿಗೆ ವಸ್ತುವಿಲ್ಲದಿದ್ದರೂ, ಸೆನ್ಸರೇ ಇಲ್ಲದಿದ್ದರೂ ಈ ವ್ಯವಸ್ಥೆಗೆ ಎರಡೂ ಒಂದೇ: ಕೈ ಇಲ್ಲ, ಇಳಿಯಬಹುದು.

ಕೊನೆಯ ಪ್ರೆಸ್ಸಿನಲ್ಲಿ ಕೂತಿದ್ದ ಹೆಂಗಸು ಹಾಳೆಯನ್ನು ಎಡಗೈಯಿಂದ ಹರಡುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು. ಕೊಟ್ರೇಶ ಅವಳ ಮುಂದೆ ನಿಂತು, "ಕೈಗೆ ಏನಾತವ್ವ?" ಎಂದ.

"ಏನಿಲ್ಲಪ್ಪ, ಸ್ವಲ್ಪ ಸುಟ್ಟೈತೆ."

"ತೋರ್ಸು."

ಅವಳು ಶೆಡ್ಡಿನ ಮೇಲ್ವಿಚಾರಕನ ಕಡೆ ಒಮ್ಮೆ ನೋಡಿ ಕೈ ಹೊರಗೆ ತೆಗೆದಳು. ನಡುಬೆರಳು ಮೊದಲ ಗೆಣ್ಣಿನವರೆಗೆ ಇರಲಿಲ್ಲ. ಗಾಯ ಹಳೆಯದಾಗಿ ಮಾಗಿತ್ತು. ಅಂದರೆ ಇದು ಹಾಲಮ್ಮನ ಕೈ ಹೋಗುವುದಕ್ಕಿಂತ ಮೊದಲೇ ಆದದ್ದು.

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಕೆಲಸಕ್ಕೆ ಬ್ಯಾಡ ಅಂತಾರಲ್ಲಪ್ಪ. ಪೂಜಿ ಸರಿಯಾಗಿ ಮಾಡಿದ್ದಿಲ್ಲ ಕಾಣತೈತೆ, ಅದ್ಕೇ ಹಿಂಗಾತು ಅಂದ್ಕಂಡೆ. ಈಗ ಚೆಂದಾಗಿ ಮಾಡ್ತೀನಿ." ಅವಳ ಪ್ರೆಸ್ಸಿನ ಕಿಂಡಿ ದಪ್ಪ ವಿಭೂತಿಯಿಂದ ಮುಚ್ಚಿಹೋಗಿತ್ತು, ಸ್ಕ್ರೂ ಪೂರ್ತಿ ಹಿಂದಕ್ಕೆ ತಿರುಗಿತ್ತು.

ಭಕ್ತಿಯಿಂದ ಮಾಡಿದ ಪೂಜೆ ಅವಳ ರಕ್ಷಣೆಯನ್ನು ಕಿತ್ತುಕೊಂಡಿತ್ತು. ಪೂಜೆಯಲ್ಲಿ ಕೊರತೆಯಾಯಿತೆಂದು ಬಗೆದು ಅವಳು ಇನ್ನಷ್ಟು ಭಕ್ತಿಯಿಂದ ಅದನ್ನೇ ಮಾಡುತ್ತಿದ್ದಳು. ಅವಳ ಶ್ರದ್ಧೆಯಲ್ಲಿ ದೋಷವಿರಲಿಲ್ಲ. ಶ್ರದ್ಧೆಯನ್ನು ತಾಳಿಕೊಳ್ಳಲಾರದ ವಸ್ತುವನ್ನು ಕೊಟ್ಟವರು ನಾವು.

ಮರಳುವಾಗ ಸೇತುವೆಯ ಹತ್ತಿರ ಕೊಟ್ರೇಶ ಗಾಡಿ ನಿಲ್ಲಿಸಿದ. ತುಂಗಭದ್ರೆ ಕೆಂಪಾಗಿ ಹರಿಯುತ್ತಿದ್ದಳು. ನನ್ನ ಕಡೆ ನೋಡದೆ ಅವನು ಹೇಳಿದ: "ಏನು ಕಂಡ್ರೋ ಅದನ್ನ ಬರೀರಿ ಗುರುಗಳೆ. ನಾನು ನಾಳಿಂದ ಎಲ್ಲಾ ಕಡೆ ಹೋಗಿ ಮಿಷನ್ ನಿಲ್ಲಸ್ತೀನಿ."

ಬರೆದೆ. ಸ್ಕ್ರೂ ತಿರುಗಿಸಿದ ಸಂಗತಿಯನ್ನೂ ಮರೆಮಾಚಲಿಲ್ಲ. ಸಾಧನವನ್ನು ಕೆಡಿಸುವ ಉದ್ದೇಶ ಕೆಲಸಗಾರ್ತಿಗೆ ಇರಲಿಲ್ಲವೆಂದೂ, ಈ ಪ್ರದೇಶದಲ್ಲಿ ಪ್ರತಿ ತಿಂಗಳು ತಪ್ಪದೆ ನಡೆಯುವ ಸಾಮಾನ್ಯ ಆಚರಣೆಯಿಂದ ಕುರುಡಾಗುವ ಸಾಧನವು ರಕ್ಷಣೆಯ ಸಾಧನವೆನಿಸಲಾರದೆಂದೂ, ಕುರುಡಾದಾಗ ಯಂತ್ರವನ್ನು ನಿಲ್ಲಿಸದೆ ನಡೆಯಗೊಡುವುದು ವಿನ್ಯಾಸದ ಮೂಲದೋಷವೆಂದೂ ಬರೆದೆ. ಹಾಲಮ್ಮನಿಗೆ ಕಾನೂನಿನಂತೆ ಸಲ್ಲಬೇಕಾದುದು ಸಾಕಷ್ಟು ಅಲೆದಾಟದ ನಂತರ ಸಂದಿತು.

ಯಂತ್ರಗಳನ್ನು ನಿಲ್ಲಿಸುವುದು ಬರೆಯುವುದಕ್ಕಿಂತ ಕಷ್ಟವಾಯಿತು. ಸೆನ್ಸರನ್ನಷ್ಟೇ ಕಿತ್ತು ತಂದರೆ ಶೆಡ್ಡಿನವರು ತಂತಿ ಜೋಡಿಸಿ ನಡೆಸುತ್ತಿದ್ದರು. ಆದ್ದರಿಂದ ಎಣ್ಣೆಯ ಹರಿವನ್ನು ತೆರೆಯುವ ಸೊಲೆನಾಯ್ಡ್ ವಾಲ್ವಿನ ಸುರುಳಿಯನ್ನೇ ಕೊಟ್ರೇಶ ಒಂದೊಂದಾಗಿ ಬಿಚ್ಚಿ ತಂದ. ಕೆಲವೆಡೆ ಅವನನ್ನು ಬೈದು ಅಟ್ಟಿದರು. ಒಂದೆಡೆ ಅವನ ಅಂಗಿ ಹರಿಯಿತು. ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳೂ ಅವನನ್ನೇ ಶಪಿಸಿದರು. ರಜಾಕ್ ಸಾಹೇಬರೊಬ್ಬರೇ ತಾವಾಗಿ ಸುರುಳಿಗಳನ್ನು ಬಿಚ್ಚಿಸಿ ಚೀಲದಲ್ಲಿ ಕಳಿಸಿಕೊಟ್ಟವರು.

ಅನಂತರ ನಾವು ಮೊದಲೇ ಮಾಡಬೇಕಾಗಿದ್ದ ಕೆಲಸಕ್ಕೆ ಕೂತೆವು. ಹೊಸ ವಿನ್ಯಾಸದಲ್ಲಿ ಬೆಳಕು ಕೈಗೆ ತಾಗಿ ಹಿಂತಿರುಗಬೇಕಾಗಿಲ್ಲ. ಅಚ್ಚಿನ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯನ್ನು ತಲುಪಬೇಕು. ತಲುಪಿದರೆ ಮಾತ್ರ ದಾರಿ ತೆರವು. ಕೈ ಅಡ್ಡ ಬಂದರೂ, ವಿಭೂತಿ ಅಡ್ಡ ಬಂದರೂ, ದೀಪವೇ ಕೆಟ್ಟರೂ ಪ್ರೆಸ್ ನಿಲ್ಲುತ್ತದೆ. ಪ್ರತಿ ಬಾರಿ ಇಳಿಯುವ ಮುನ್ನ ಬೋರ್ಡು ತನ್ನ ದೀಪಗಳನ್ನು ತಾನೇ ಆರಿಸಿ ಹಚ್ಚಿ ಪರೀಕ್ಷಿಸಿಕೊಳ್ಳುತ್ತದೆ. ಎರಡು ರಿಲೇಗಳು ಒಂದನ್ನೊಂದು ಕಾಯುತ್ತವೆ. ತಿರುಗಿಸಲು ಯಾವ ಸ್ಕ್ರೂ ಇಲ್ಲ. ಬೇಕಾದ ಚಿಪ್ ಸಿಗದೆ ಬೋರ್ಡನ್ನು ಎರಡು ಸಲ ಹೊಸದಾಗಿ ಬರೆಯಬೇಕಾಯಿತು. ಒದ್ದೆ ಬಟ್ಟೆ ಸುತ್ತಿದ ಬಾಳೆದಿಂಡನ್ನು ಕೈಯೆಂದು ಭಾವಿಸಿ ಪ್ರೆಸ್ಸಿಗೆ ಕೊಟ್ಟು ನೋಡಿದೆವು. ಗಾಜಿಗೆ ವಿಭೂತಿ, ಕುಂಕುಮ, ಅರಿಶಿನ, ದೀಪದೆಣ್ಣೆ ಹಚ್ಚಿ ನೋಡಿದೆವು. ಇಂತಹ ಪರೀಕ್ಷೆಯನ್ನು ನಾನು ಓದಿದ ಯಾವ ಕೈಪಿಡಿಯೂ ಹೇಳಿರಲಿಲ್ಲ. ಪೂಜೆಗೆಂದು ಯಂತ್ರದ ನೆತ್ತಿಯ ಮೇಲೆ ಒಂದು ಸ್ಟೀಲಿನ ತಗಡನ್ನು ಬೇರೆಯಾಗಿ ಕೂರಿಸಿದೆವು. ಅಚ್ಚಿನ ಶಾಖವನ್ನು ನಿಯಂತ್ರಿಸುವುದಕ್ಕೆ ಮಾತ್ರ ಅಂಗಡಿಯ ಸಿದ್ಧ ಮಾಡ್ಯೂಲನ್ನೇ ಉಳಿಸಿಕೊಂಡೆವು. ಅದು ಕೆಟ್ಟರೆ ಕರಕಲಾಗುವುದು ತಟ್ಟೆ.

ಹೊಸ ಬೋರ್ಡಿನ ಮೊದಲ ಪ್ರೆಸ್ಸನ್ನು ರಜಾಕ್ ಸಾಹೇಬರ ಶೆಡ್ಡಿಗೆ ಒಯ್ದೆವು. ಹಾಲಮ್ಮನಿಗೂ ಹೇಳಿಕಳಿಸಿದ್ದರು. ಅವಳು ಬಂದು ಯಂತ್ರದಿಂದ ದೂರ, ಬಾಗಿಲ ಹತ್ತಿರ ನಿಂತಳು. ರತ್ನಕ್ಕ ಬೇಕೆಂದೇ ಒಂದು ಬೆರಳು ವಿಭೂತಿಯನ್ನು ಗಾಜಿಗೆ ಬಳಿದು ಪೆಡಲ್ ಒತ್ತಿದಳು. ಪ್ರೆಸ್ ಕದಲಲಿಲ್ಲ. ಮತ್ತೆ ಒತ್ತಿದಳು. ಡಬ್ಬಿಯ ಸುತ್ತ ಬೆರಳಾಡಿಸಿ ರಂಧ್ರ ಹುಡುಕಿದಳು.

"ಏನೂ ಇಲ್ಲಲ್ರಿ ಇದ್ರಾಗ ತಿರುವಾಕೆ!"

"ಇಲ್ಲವ್ವ. ಒರಸಿದ್ರಷ್ಟೇ ನಡಿಯಾದು," ಎಂದ ಕೊಟ್ರೇಶ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು. ಅವನು ಹಾಲಮ್ಮನ ಕಡೆ ತಿರುಗಿದ. ಏನಾದರೂ ಒಳ್ಳೆಯ ಮಾತು ಬರಬಹುದೆಂದು ನಿರೀಕ್ಷಿಸಿದಂತಿತ್ತು.

ಹಾಲಮ್ಮ ಯಂತ್ರವನ್ನೇ ನೋಡುತ್ತಿದ್ದಳು. "ಇದನ್ನ ಮಾಡಾಕೆ ಎಷ್ಟು ದಿನ ಹಿಡೀತಪ್ಪ?"

"ಒಂದು ಮಳೆಗಾಲ ಹಿಡೀತವ್ವ."

"ಒಂದು ಮಳಿಗಾಲನಾ?" ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅಷ್ಟ್ ದಿನ ತಡಾ ಮಾಡಿ ಕೊಟ್ಟಿದ್ರೂ ನಡೀತಿತ್ತಲ್ಲಪ್ಪ. ನಾವೇನು ಓಡಿ ಹೋಗ್ತಿದ್ವಾ?"

ರತ್ನಕ್ಕ ಸೆರಗಿನ ತುದಿಯಿಂದ ಗಾಜನ್ನು ಒರಸತೊಡಗಿದಳು.

ಸಿದ್ಧ ಮಾಡ್ಯೂಲು ಒಳ್ಳೆಯದೋ ಸ್ವಂತ ವಿನ್ಯಾಸ ಒಳ್ಳೆಯದೋ ಎಂದು ಕೇಳಿಕೊಂಡು ಈಗಲೂ ಕಿರಿಯ ತಯಾರಕರು ನನ್ನಲ್ಲಿಗೆ ಬರುತ್ತಾರೆ. ಕೆಟ್ಟಾಗ ವಸ್ತುವಿಗೆ ಹಾನಿಯಾಗುವ ಭಾಗವನ್ನು ಅಂಗಡಿಯಿಂದ ತನ್ನಿ, ಕೆಟ್ಟಾಗ ಮನುಷ್ಯನಿಗೆ ತಾಗುವ ಭಾಗವನ್ನು ಆ ಮನುಷ್ಯನನ್ನು ಕಂಡು, ಅವನ ದಿನಚರಿಯನ್ನೂ ದೈವವನ್ನೂ ಅರಿತು ಕಟ್ಟಿ ಎನ್ನುತ್ತೇನೆ. ಅದಕ್ಕೆಲ್ಲ ಕಾಲಾವಕಾಶವಿಲ್ಲ ಸ್ವಾಮಿ, ಮಂದಿ ಕಾಯುವುದಿಲ್ಲ ಎಂದು ಅವರು ಹೇಳುತ್ತಾರೆ. ಯಂತ್ರದ ಮುಂದೆ ಕೂರುವವರನ್ನು ಹೋಗಿ ಕೇಳಿದ್ದೀರಾ ಎಂದು ಆಗ ನಾನು ಕೇಳುತ್ತೇನೆ. ನಾವು ಕೇಳಿರಲಿಲ್ಲ. ಕೇಳಿದ್ದರೆ ಅವರು ಕಾಯುತ್ತಿದ್ದರು.